ಗಂಡನನ್ನು ಮೊದಲು ಹೊರಗೆ ಕಳಿಸಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನ ಹೊಡೆತ ಅಥವಾ ಲೈಂಗಿಕ ಹಿಂಸೆ ಕಂಡವರು. ಅವರು ನಮ್ಮ ಆಸ್ಪತ್ರೆಯ ಓಪಿಡಿಗೆ (ಹೊರರೋಗಿ ವಿಭಾಗ) ದಿನವೂ ಬರುತ್ತಾರೆ, ತಲೆನೋವಿನ ಮಾತ್ರೆ ತಗೊಂಡು ಹೋಗುತ್ತಾರೆ.

ಗುರುತಿಸುವುದು ಸುಲಭ. ಹಳೆಯದೂ ಹೊಸದೂ ಬೆರೆತ ಗಾಯ, ಗಾಯಕ್ಕೂ ಹೇಳುವ ಕಥೆಗೂ ತಾಳೆಯಾಗದಿರುವುದು, ಕಾರಣ ಸಿಗದ ಹೊಟ್ಟೆನೋವು, ಎಲ್ಲ ಪ್ರಶ್ನೆಗೂ ಗಂಡನದೇ ಉತ್ತರ. ವಿಷ ಕುಡಿದು ಬಂದವರನ್ನು ಚೇತರಿಸಿಕೊಂಡ ಮೇಲೆ ತಪ್ಪದೆ ವಿಚಾರಿಸಿ.

ಕೆಡುವುದು ಕೇಳುವಾಗ. ಸಾಲಿನಲ್ಲಿ ನಿಂತವಳಿಗೆ ಗಟ್ಟಿಯಾಗಿ ‘ಗಂಡ ಹೊಡೀತಾನೇನಮ್ಮಾ?’ ಅಂತಾರೆ ನಮ್ಮವರು. ಆಕೆ ‘ಇಲ್ಲ’ ಅನ್ನದೆ ಇನ್ನೇನು ಅಂತಾಳೆ? ಚೆಕ್‌ಲಿಸ್ಟ್‌ಗೆ ಟಿಕ್ ಬಿತ್ತು, ಕೆಲಸ ಮುಗೀತು. ಬಂದವರನ್ನೆಲ್ಲ ಹೀಗೆ ಕೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೂ ಹೇಳಿಲ್ಲ. ಲಕ್ಷಣ ಕಂಡಾಗ ಕೇಳಿ. ಬಸುರಿಯರನ್ನೂ ಕೇಳಿ, ಆದರೆ ಗುಟ್ಟು ಉಳಿಯುವ ಜಾಗ ಇದ್ದರೆ ಮಾತ್ರ.

ಪರದೆ ಎಳೆದರೆ ಸಾಲದು, ಬಾಗಿಲು ಬೇಕು. ‘ಪರೀಕ್ಷೆ ಮಾಡಬೇಕು, ಅವರೊಬ್ಬರೇ ಇರಲಿ’ ಅನ್ನಿ. ಗಂಡ ಕದಲದಿದ್ದರೆ ಚೀಟಿ ಮಾಡಿಸಲು ಕಳಿಸಿ. ಅತ್ತೆ, ನಾದಿನಿಯೂ ಹೊರಗೇ. ಮಾತು ಬಂದ ಮಗುವೂ ಬೇಡ, ಮನೆಗೆ ಹೋಗಿ ಹೇಳಿಬಿಡುತ್ತದೆ. ಭಾಷೆ ಬೇರೆಯಾದರೆ ನೆಂಟರಿಂದ ಹೇಳಿಸಬೇಡಿ. ಒಂಟಿಯಾಗಿ ಸಿಗಲಿಲ್ಲವೇ? ಕೇಳಲೇಬೇಡಿ. ಬಿಪಿ ನೆಪದಲ್ಲಿ ಮುಂದಿನ ವಾರ ಬರಹೇಳಿ.

ಆಮೇಲೆ ಕೂತು, ಮೆಲ್ಲಗೆ: ‘ಇಂಥ ನೋವಿದ್ದವರಲ್ಲಿ ಎಷ್ಟೋ ಜನಕ್ಕೆ ಮನೇಲಿ ತೊಂದರೆ ಇರುತ್ತೆ, ಅದಕ್ಕೇ ಕೇಳ್ತಿದ್ದೀನಿ. ಯಜಮಾನ್ರು ಹೊಡೆಯೋದು, ಹೆದರಿಸೋದು ಮಾಡ್ತಾರಾ?’ ಕತ್ತು ಹಿಸುಕಿದ್ದಾರಾ ಅಂತ ಬೇರೆಯಾಗಿ ಕೇಳಿ. ಹೊರಗೆ ಗುರುತೇ ಇರದೆ ಒಳಗೆ ಪೆಟ್ಟಾಗಿರಬಹುದು. ದನಿ ಒಡೆದಿದ್ದರೆ, ನುಂಗಲು ನೋವಿದ್ದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಂಡರೆ ಅದೇ ದಿನ ದೊಡ್ಡಾಸ್ಪತ್ರೆಗೆ ಕಳಿಸಿ.

‘ಇಲ್ಲ’ ಅಂದರೆ ಒತ್ತಬೇಡಿ. ‘ಹೌದು’ ಅಂದರೆ ಸುಮ್ನೆ ಕೇಳಿಸಿಕೊಳ್ಳಿ. ‘ಸ್ವಲ್ಪ ಹೊಂದ್ಕೊಂಡು ಹೋಗಮ್ಮ’ ಅನ್ನುವ ಡಾಕ್ಟರು ಬಾಯಿ ಮುಚ್ಚಿಕೊಂಡಿರುವುದೇ ವಾಸಿ. ಗಂಡನನ್ನು ಕರೆದು ಬುದ್ಧಿ ಹೇಳುವುದು ನಮ್ಮವರಿಗೆ ಬಲು ಪ್ರಿಯವಾದ ಅಡ್ಡದಾರಿ. ರಾತ್ರಿ ಏಟು ತಿನ್ನುವವಳು ಅವಳು.

ಕೇಸ್ ಶೀಟಿನಲ್ಲಿ ಅವಳ ಮಾತಲ್ಲೇ ಬರೆಯಿರಿ, ಗಾಯದ ಜಾಗ, ಅಳತೆ ಸಮೇತ. ಬಸುರಿಯರು ಮನೆಗೆ ಒಯ್ಯುವ ತಾಯಿ ಕಾರ್ಡಿನಲ್ಲಿ ಮಾತ್ರ ಬೇಡ. ಅದನ್ನು ಮನೆಯವರೆಲ್ಲ ಓದುತ್ತಾರೆ, ಅಲ್ವಾ? 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ವೈದ್ಯಕೀಯ ವರದಿಯ ಪ್ರತಿ ಅವಳಿಗೆ ಉಚಿತ. ದೂರು ಇಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಕರಪತ್ರವನ್ನು ಅವಳ ಚೀಲಕ್ಕೆ ತುರುಕಬೇಡಿ. 181 ಅನ್ನುವ ಸಹಾಯವಾಣಿ ನಂಬರನ್ನು ಬಾಯಿಪಾಠ ಮಾಡಿಸಿ. ಕೊನೆಗೆ ‘ಇವತ್ತು ಮನೆಗೆ ಹೋಗೋಕೆ ಭಯ ಇದೆಯಾ?’ ಅಂತ ಕೇಳಿ. ಇದೆ ಅಂದರೆ, ಅವಳು ಒಪ್ಪಿದರೆ, ನಿಮ್ಮ ಫೋನಿನಿಂದಲೇ ಸಖಿ ಕೇಂದ್ರಕ್ಕೆ (ಹಿಂಸೆ ಕಂಡ ಹೆಂಗಸರಿಗೆ ನೆರವಾಗುವ ಸರ್ಕಾರಿ ಕೇಂದ್ರ) ಮಾತಾಡಿ. ಅಲ್ಲಿ 5 ದಿನದವರೆಗೆ ಉಳಿಯಲು ಜಾಗ ಕೊಡುತ್ತಾರೆ.