ಕಪಾಟಿನಲ್ಲಿ ಸಿಕ್ಕ ಹಳೆಯ ಷೇರು ಪತ್ರ: ಡಿಮ್ಯಾಟ್ ಖಾತೆಗೆ ತರುವುದು ಹೇಗೆ?

ಅಪ್ಪ ಅಥವಾ ಅಜ್ಜ ಕೊಂಡಿದ್ದ ಷೇರು ಪತ್ರಗಳು ಹಳೆಯ ಕಡತದಲ್ಲಿ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅವುಗಳಿಗೆ ಇಂದಿಗೂ ಬೆಲೆ ಇರಬಹುದು. ಆದರೆ ಷೇರುಪೇಟೆಯಲ್ಲಿ ಮಾರಬೇಕಿದ್ದರೆ ಮೊದಲು ಡಿಮ್ಯಾಟ್ ಖಾತೆಗೆ, ಅಂದರೆ ಷೇರುಗಳನ್ನು ಕಾಗದವಿಲ್ಲದೆ ಕಂಪ್ಯೂಟರ್ ಲೆಕ್ಕವಾಗಿ ಇಡುವ ಖಾತೆಗೆ, ತರಬೇಕು. ಕಾಗದದ ರೂಪದಲ್ಲೇ ಮಾರಿ ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಪದ್ಧತಿ 2019ರ ಏಪ್ರಿಲ್ 1ಕ್ಕೆ ನಿಂತಿತು.

ಈ ಕಟ್ಟುನಿಟ್ಟು ಏಕೆ ಬಂತು ಎಂಬುದನ್ನು ತಿಳಿದರೆ ಮುಂದಿನ ಓಡಾಟ ಅಷ್ಟು ಬೇಸರ ತರುವುದಿಲ್ಲ. 1875ರಲ್ಲಿ ಹುಟ್ಟಿದ ಮುಂಬೈ ಷೇರುಪೇಟೆಯಲ್ಲಿ 1990ರ ದಶಕದ ಆರಂಭದವರೆಗೂ ದಲ್ಲಾಳಿಗಳು ಸಭಾಂಗಣದಲ್ಲಿ ನಿಂತು, ಕೂಗಿ ವ್ಯಾಪಾರ ಮಾಡುತ್ತಿದ್ದರು. ಧಾರವಾಡದಲ್ಲಿ ಕುಳಿತ ಹೂಡಿಕೆದಾರರು ದಲ್ಲಾಳಿ ಹೇಳಿದ ಬೆಲೆಯನ್ನೇ ನಂಬಬೇಕಿತ್ತು. ಮಾರಿದ ಮೇಲೆ ಪತ್ರಗಳು ಅಂಚೆಯಲ್ಲಿ ಕಳೆದುಹೋಗುತ್ತಿದ್ದವು, ನಕಲಿ ಪತ್ರಗಳು ನುಸುಳುತ್ತಿದ್ದವು. ಸಹಿ ತುಸು ಬದಲಾದರೂ ‘ಬ್ಯಾಡ್ ಡೆಲಿವರಿ’ ಎಂದು ವಾಪಸ್ ಬರುತ್ತಿತ್ತು.

ದೇಶಕ್ಕೆಲ್ಲ ಒಂದೇ ಆಧುನಿಕ ಷೇರುಪೇಟೆ ಬೇಕೆಂದು ಫೆರ್ವಾನಿ ಸಮಿತಿ 1991ರಲ್ಲಿ ಶಿಫಾರಸು ಮಾಡಿತು. ಮರುವರ್ಷ ದಲ್ಲಾಳಿ ಹರ್ಷದ್ ಮೆಹ್ತಾ ಬ್ಯಾಂಕುಗಳ ಹಣದಿಂದ ಷೇರು ಬೆಲೆ ಏರಿಸಿದ ಹಗರಣ ಹೊರಬಿದ್ದು ಸುಧಾರಣೆಯ ಒತ್ತಡ ಹೆಚ್ಚಿತು. 1992ರ ನವೆಂಬರ್‌ನಲ್ಲಿ ಐಡಿಬಿಐ ಮುಂದಾಳತ್ವದ ಹಣಕಾಸು ಸಂಸ್ಥೆಗಳು ರಾಷ್ಟ್ರೀಯ ಷೇರುಪೇಟೆಯಾದ ಎನ್‌ಎಸ್‌ಇಯನ್ನು ಕಟ್ಟಿದವು. ಅದರ ಮೊದಲ ವ್ಯವಸ್ಥಾಪಕ ನಿರ್ದೇಶಕರು ಆರ್.ಎಚ್. ಪಾಟೀಲ. ವ್ಯಾಪಾರ ಮಾಡುವ ದಲ್ಲಾಳಿಯೇ ಪೇಟೆಯ ಒಡೆಯನೂ ಆಗಿರಬಾರದು ಎಂಬ ನಿಲುವು ಅದರ ಬುನಾದಿಯಲ್ಲೇ ಇತ್ತು. ನನ್ನ ಮಟ್ಟಿಗೆ ಕಂಪ್ಯೂಟರಿಗಿಂತಲೂ ದೊಡ್ಡ ಬದಲಾವಣೆ ಇದೇ. 1994ರ ನವೆಂಬರ್ 3ರಂದು ಅಲ್ಲಿ ಷೇರು ವಹಿವಾಟು ಶುರುವಾಯಿತು. ಉಪಗ್ರಹ ಸಂಪರ್ಕದ ಮೂಲಕ ದೂರದ ಊರಿನ ಪರದೆಯ ಮೇಲೂ ಅದೇ ಬೆಲೆ ಕಾಣಿಸತೊಡಗಿತು. ಸುಮಾರು ಒಂದೇ ವರ್ಷದಲ್ಲಿ ವಹಿವಾಟಿನಲ್ಲಿ ಅದು ಮುಂಬೈ ಪೇಟೆಯನ್ನು ಹಿಂದಿಕ್ಕಿತು.

ಆದರೂ ಕಾಗದದ ಕಾಟ ಉಳಿದೇ ಇತ್ತು. 1996ರಲ್ಲಿ, ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಸಂಸ್ಥೆಗಳಿಗಾಗಿ ಡಿಪಾಸಿಟರಿ ಕಾಯ್ದೆ ಬಂದು, ಆ ನವೆಂಬರ್‌ನಲ್ಲಿ ಅಂಥ ಸಂಸ್ಥೆಯಾದ ಎನ್‌ಎಸ್‌ಡಿಎಲ್ ಕೆಲಸ ಆರಂಭಿಸಿದ ಮೇಲೆ ಷೇರುಗಳು ಖಾತೆಯ ಲೆಕ್ಕವಾಗಿ ಮಾರ್ಪಟ್ಟವು. ನಿಮ್ಮ ಕೈಯಲ್ಲಿರುವುದು ಆ ದಾಟುವಿಕೆಯಲ್ಲಿ ಹಿಂದೆ ಉಳಿದ ಪತ್ರ.

ಮೊದಲು ಕಂಪನಿಯನ್ನು ಹುಡುಕಿ

ಕಂಪನಿಯ ಹೆಸರು ಬದಲಾಗಿರಬಹುದು, ಅದು ಬೇರೊಂದರಲ್ಲಿ ವಿಲೀನವಾಗಿರಬಹುದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 10 ಷೇರಿಗೆ ಎಸ್‌ಬಿಐನ 22 ಷೇರು ನಿಗದಿಯಾಯಿತು. 2019ರಲ್ಲಿ ವಿಜಯಾ ಬ್ಯಾಂಕಿನ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಷೇರು. ಎನ್‌ಎಸ್‌ಇ, ಬಿಎಸ್‌ಇ (ಮುಂಬೈ ಷೇರುಪೇಟೆ) ಜಾಲತಾಣಗಳಲ್ಲಿ ಮತ್ತು ಕಂಪನಿಯ ಹೂಡಿಕೆದಾರರ ವಿಭಾಗದಲ್ಲಿ ವಿವರ ಸಿಗುತ್ತದೆ.

ರಿಜಿಸ್ಟ್ರಾರ್‌ಗೆ ಬರೆಯಿರಿ

ಷೇರುದಾರರ ದಾಖಲೆ ಇಟ್ಟುಕೊಳ್ಳುವ ಸಂಸ್ಥೆಯೇ ರಿಜಿಸ್ಟ್ರಾರ್. ಪತ್ರದ ಮೇಲಿನ ಫೋಲಿಯೊ ಸಂಖ್ಯೆ (ಷೇರುದಾರರ ಖಾತೆ ಸಂಖ್ಯೆ) ನಮೂದಿಸಿ ಮೂರು ಸಂಗತಿ ಕೇಳಿ: ಈಗ ಎಷ್ಟು ಷೇರುಗಳಿವೆ, ಬೋನಸ್ (ಉಚಿತ ಹೆಚ್ಚುವರಿ ಷೇರು) ಬಂದಿದೆಯೇ, ಲಾಭಾಂಶ ಬಾಕಿ ಇದೆಯೇ? ಸತತ 7 ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತವೆ. ಹಾಗಾಗಿದ್ದರೂ ಐಇಪಿಎಫ್-5 ಅರ್ಜಿಯ ಮೂಲಕ ಮರಳಿ ಪಡೆಯಬಹುದು.

ದಾಖಲೆ ಸರಿಪಡಿಸಿ

ರಿಜಿಸ್ಟ್ರಾರ್‌ಗೆ ಈ ಅರ್ಜಿ ನಮೂನೆಗಳನ್ನು ಕೊಡಿ: ಪ್ಯಾನ್, ವಿಳಾಸ, ಬ್ಯಾಂಕ್ ವಿವರಕ್ಕೆ ಐಎಸ್‌ಆರ್-1, ಬ್ಯಾಂಕಿನಿಂದ ಸಹಿ ದೃಢೀಕರಣಕ್ಕೆ ಐಎಸ್‌ಆರ್-2, ನಾಮಿನಿಗೆ ಎಸ್‌ಎಚ್-13. ಷೇರುದಾರರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಗಳೊಂದಿಗೆ ಐಎಸ್‌ಆರ್-5 ಸಲ್ಲಿಸಿ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಹೆಸರಿನ ಅಕ್ಷರಗಳಲ್ಲಿ. ಪತ್ರದಲ್ಲಿ ಒಂದು ರೀತಿ, ಪ್ಯಾನ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಅದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಪತ್ರ ಒಪ್ಪಿಸುವಾಗ

ಫೋಲಿಯೊದಲ್ಲಿರುವ ಹೆಸರುಗಳಲ್ಲೇ ಡಿಮ್ಯಾಟ್ ಖಾತೆ ಇರಬೇಕು. ಬ್ರೋಕರ್ ಅಥವಾ ಬ್ಯಾಂಕಿನಲ್ಲಿ ಡಿಮ್ಯಾಟ್ ಕೋರಿಕೆ ಅರ್ಜಿ ತುಂಬಿ, ಮೂಲ ಪತ್ರ ಕೊಟ್ಟು, ಸ್ವೀಕೃತಿ ಪಡೆಯಿರಿ. ಎರಡೂ ಬದಿಯ ನಕಲು ತೆಗೆದಿಟ್ಟುಕೊಳ್ಳುವುದನ್ನು ಮರೆಯಬೇಡಿ.

ಷೇರಿನ ಮೌಲ್ಯದಲ್ಲಿ ಪಾಲು ಕೇಳುವ ಮಧ್ಯವರ್ತಿಗಳು ಈಗ ಬಹಳ. ಖಾಲಿ ಅರ್ಜಿಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ. ರಿಜಿಸ್ಟ್ರಾರ್ ಉತ್ತರಿಸದಿದ್ದರೆ ಕಂಪನಿಗೆ ಬರೆಯಿರಿ. ಅಲ್ಲೂ ಸ್ಪಂದನೆ ಇಲ್ಲವಾದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ‘ಸ್ಕೋರ್ಸ್’ ತಾಣದಲ್ಲಿ ದೂರು ದಾಖಲಿಸಬಹುದು. ಅದಕ್ಕೆ ಶುಲ್ಕವಿಲ್ಲ.