ಎಂಬಸಿಗಳು ಏನೇನು ಕೊಳ್ತಾವೆ? ಟೆಂಡರ್ ಓದಿ ತಿಳ್ಕೊಳ್ಳೋದು ಹೇಗೆ

ರಾಯಭಾರ ಕಚೇರಿ ಅಂದ ತಕ್ಷಣ ನಮಗೆ ವೀಸಾ ಇಂಟರ್‌ವ್ಯೂ ನೆನಪಾಗುತ್ತೆ, ಇಲ್ಲಾಂದ್ರೆ ಟಿವಿಲಿ ಕೈ ಕುಲುಕೋ ಫೋಟೋ. ಆದ್ರೆ ಆ ಕಟ್ಟಡಕ್ಕೂ ಕರೆಂಟ್ ಹೋದ್ರೆ ಜನರೇಟರ್ ಬೇಕು, ಗೇಟಿಗೆ ಗಾರ್ಡ್ ಬೇಕು, ಹೂದೋಟಕ್ಕೆ ಮಾಲಿ ಬೇಕು, ರಾಷ್ಟ್ರೀಯ ದಿನಕ್ಕೆ ಊಟದ ವ್ಯವಸ್ಥೆ ಬೇಕು. ಇದರಲ್ಲಿ ಸುಮಾರಷ್ಟನ್ನ ಟೆಂಡರ್ ಕರೆದೇ ಕೊಳ್ತಾರೆ. ತುಮಕೂರಲ್ಲಿ ಕೆಪಿಪಿಪಿ, ಅಂದ್ರೆ ರಾಜ್ಯ ಸರ್ಕಾರದ ಟೆಂಡರ್ ಪೋರ್ಟಲ್ ತೆಗೆದು ಪಾಲಿಕೆ, ಪಿಡಬ್ಲ್ಯೂಡಿ ಟೆಂಡರ್ ಓದೋ ಅಭ್ಯಾಸ ಇರೋರಿಗೆ ಇದನ್ನ ಓದೋದು ಕಷ್ಟ ಆಗಲ್ಲ. ಮದುವೆ ಮನೆಯ ಸಾಮಾನಿನ ಪಟ್ಟಿ ನೋಡಿದ್ರೆ ಎಷ್ಟು ಜನ ಬರ್ತಾರೆ, ಎಂಥೋರು ಬರ್ತಾರೆ ಅಂತ ಅಡುಗೆಯವರಿಗೆ ಗೊತ್ತಾಗಿಬಿಡುತ್ತಲ್ಲ, ಹಾಗೇ ಎರಡು ದೇಶಗಳ ದಿನನಿತ್ಯದ ಸಂಬಂಧ ಈ ಕಾಗದಗಳಲ್ಲಿ ಚೆನ್ನಾಗಿ ಕಾಣುತ್ತೆ, ಜಂಟಿ ಹೇಳಿಕೆಗಿಂತ ಎಷ್ಟೋ ಚೆನ್ನಾಗಿ.

ಮೊದಲು, ಎಲ್ಲಿ ಹುಡುಕೋದು

ಬೇರೆ ದೇಶಗಳಲ್ಲಿರೋ ನಮ್ಮ ಭಾರತದ ಎಂಬಸಿಗಳ ಟೆಂಡರ್ ಕೇಂದ್ರದ ಇ-ಪ್ರೊಕ್ಯೂರ್ ಪೋರ್ಟಲ್ಲಲ್ಲೂ ಆಯಾ ಎಂಬಸಿ ವೆಬ್‌ಸೈಟಲ್ಲೂ ಸಿಗುತ್ತೆ. ಅಮೆರಿಕದ್ದು ಸ್ಯಾಮ್ ಡಾಟ್ ಗವ್ ಅಲ್ಲಿ ಸಿಗುತ್ತೆ. ಆಸ್ಟ್ರೇಲಿಯಾದವರು ಆಸ್‌ಟೆಂಡರ್ ಅನ್ನೋ ಸೈಟಲ್ಲಿ 10,000 ಆಸ್ಟ್ರೇಲಿಯನ್ ಡಾಲರ್ ಮತ್ತು ಮೇಲ್ಪಟ್ಟ ಕಾಂಟ್ರಾಕ್ಟ್ ಯಾರಿಗೆ ಕೊಟ್ವಿ ಅಂತಲೂ ಹಾಕ್ತಾರೆ. ಎಲ್ಲ ದೇಶದವರೂ ಹೀಗೆ ಬಿಚ್ಚಿಡಲ್ಲ, ಅದೂ ಒಂದು ಮಾಹಿತಿನೇ.

ಆಮೇಲೆ ಸ್ಕೋಪ್ ಆಫ್ ವರ್ಕ್, ಅಂದ್ರೆ ಮಾಡಬೇಕಾದ ಕೆಲಸದ ವಿವರ ಓದಿ, ನಿಧಾನಕ್ಕೆ

ರೇಟು, ಇಎಂಡಿ (ಬಿಡ್ ಜೊತೆ ಇಡೋ ಠೇವಣಿ) ಎಲ್ಲ ಆಮೇಲೆ ನೋಡ್ಕೊಳ್ಳಿ. ಜನರೇಟರ್ ಎಎಂಸಿ, ಅಂದ್ರೆ ವಾರ್ಷಿಕ ನಿರ್ವಹಣೆಯ ಟೆಂಡರ್ ಆದ್ರೆ ಕೆಟ್ಟಾಗ ಎಷ್ಟು ಗಂಟೆಯೊಳಗೆ ಬರಬೇಕು ಅಂತ ಬರೆದಿರ್ತಾರೆ, ಅಲ್ಲೇ ಊರಿನ ಕರೆಂಟ್ ಮೇಲೆ ಅವರಿಗೆ ಎಷ್ಟು ನಂಬಿಕೆ ಇದೆ ಅಂತ ತಿಳಿಯುತ್ತೆ. ಜನವರಿ 26, ಆಗಸ್ಟ್ 15ರ ಆಸುಪಾಸಿನ ಕೇಟರಿಂಗ್ ಕೊಟೇಶನ್ ಸಿಕ್ಕಿದ್ರೆ ಅತಿಥಿಗಳ ಸಂಖ್ಯೆ ನೋಡಿ, ವೆಜ್ ಎಷ್ಟು ನಾನ್‌ವೆಜ್ ಎಷ್ಟು ನೋಡಿ, ಆ ಊರಲ್ಲಿ ನಮ್ಮವರು ಯಾರನ್ನ ಕರೀತಿದ್ದಾರೆ ಅನ್ನೋದರ ಅಂದಾಜು ಬರುತ್ತೆ.

ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ, ಯಾವುದನ್ನ ಆ ಊರಲ್ಲೇ ಕೊಳ್ತಾರೆ, ಯಾವುದನ್ನ ತಮ್ಮ ದೇಶದಿಂದ ತರಿಸ್ಕೊಳ್ತಾರೆ ಅನ್ನೋದು. ಇದಕ್ಕೆ ಮಾಸ್ಕೋ ಕಥೆ ಗೊತ್ತಿರಬೇಕು. ಅಲ್ಲಿ ಅಮೆರಿಕದ ಹೊಸ ಎಂಬಸಿ ಕಟ್ಟೋವಾಗ ಕಾಂಕ್ರೀಟ್ ತುಂಡುಗಳನ್ನ ಸೋವಿಯತ್ ಕಡೆಯವರೇ ಬೇರೆ ಕಡೆ ಎರಕ ಹೊಯ್ದು ತಂದು ಜೋಡಿಸಿದ್ರು, ಆಮೇಲೆ ನೋಡಿದ್ರೆ ಆ ಕಾಂಕ್ರೀಟ್ ಒಳಗೇ ಕದ್ದಾಲಿಸೋ ಉಪಕರಣಗಳು, 1985ರಲ್ಲಿ ಕೆಲಸ ನಿಂತೇ ಹೋಯ್ತು. ಕೊನೆಗೆ ಮೇಲಿನ ಮಹಡಿಗಳನ್ನ ಒಡೆದು ತಮ್ಮ ಕೆಲಸಗಾರರನ್ನ, ತಮ್ಮ ಸಾಮಾನನ್ನೇ ತರಿಸಿ ಮತ್ತೆ ಕಟ್ಟಿ 2000ದಲ್ಲಿ ಮುಗಿಸಿದ್ರು. ಹಾಗಾಗಿ ಯಾವುದೇ ಟೆಂಡರ್ ನೋಡಿದ್ರೂ ಕೆಲಸದವರ ಪೊಲೀಸ್ ವೆರಿಫಿಕೇಶನ್ ಕೇಳಿದ್ದಾರಾ, ಯಾವ ಭಾಗಕ್ಕೆ ಹೊರಗಿನೋರನ್ನ ಬಿಡ್ತಾರೆ, ಇದನ್ನೆಲ್ಲ ಗಮನಿಸಿ.

ಬಿಲ್ಲು, ಜಿಎಸ್‌ಟಿ

ಇಲ್ಲಿ ನಮ್ಮ ಕಡೆಯ ಸಪ್ಲೈಯರ್‌ಗಳು ಹುಷಾರಾಗಿರಬೇಕು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಟೀಲ್ ಬೀರು ಮಾಡೋ ಒಬ್ರು ಬೆಂಗಳೂರಿನ ಒಂದು ಕಾನ್ಸುಲೇಟಿಗೆ 1 ಲಕ್ಷದ ಮಾಲು ಕೊಟ್ರು ಅಂತ ಇಟ್ಕೊಳ್ಳಿ. ಎಂಬಸಿಯವರಿಗೆ ಟ್ಯಾಕ್ಸ್ ಇಲ್ವಲ್ಲ ಅಂತ ಜಿಎಸ್‌ಟಿ ಬಿಟ್ಟು ಬಿಲ್ ಹಾಕಬಾರದು. ಎಲ್ಲರಿಗೂ ಹಾಕೋ ಹಾಗೇ 18 ಪರ್ಸೆಂಟ್ ಸೇರಿಸಿ 1,18,000ಕ್ಕೆ ಬಿಲ್ ಮಾಡಿ, ಅವರ ಯುಐಎನ್ ನಂಬರನ್ನ, ಅಂದ್ರೆ ವಿದೇಶಿ ಕಚೇರಿಗಳಿಗೆ ಅಂತಲೇ ಕೊಡೋ 15 ಅಕ್ಷರದ ನಂಬರನ್ನ, ತಪ್ಪದೆ ಬಿಲ್ಲಲ್ಲಿ ನಮೂದಿಸಬೇಕು, ಮಾರಾಟದ ವಿವರ ಸಲ್ಲಿಸೋ ಜಿಎಸ್‌ಟಿಆರ್-1 ರಿಟರ್ನಿನ ಟೇಬಲ್ 4ರಲ್ಲಿ ತೋರಿಸಬೇಕು. ಆ 18,000ವನ್ನ ಅವರು ಆಮೇಲೆ ಸರ್ಕಾರದಿಂದ ರೀಫಂಡ್ ತಗೋತಾರೆ. ಬಿಲ್ಲಲ್ಲಿ ಯುಐಎನ್ ಇಲ್ಲಾಂದ್ರೆ ಅವರ ರೀಫಂಡ್ ತೊಡಕಾಗುತ್ತೆ, ನಿಮಗೆ ಫೋನ್ ಬರುತ್ತೆ.

ಈ ರೀಫಂಡ್ ಎಲ್ಲ ದೇಶಕ್ಕೂ ಸುಮ್ನೆ ಸಿಗಲ್ಲ. ವಿದೇಶಾಂಗ ಸಚಿವಾಲಯ ಸರ್ಟಿಫಿಕೇಟ್ ಕೊಡಬೇಕು, ಅದೂ ಪರಸ್ಪರತೆಯ ಆಧಾರದ ಮೇಲೆ, ಅಂದ್ರೆ ಅವರ ಊರಲ್ಲಿ ನಮ್ಮ ಎಂಬಸಿಗೆ ಇಂಥ ವಿನಾಯಿತಿ ಕೊಟ್ರೆ ಇಲ್ಲಿ ಅವರಿಗೂ ಕೊಡ್ತೀವಿ ಅನ್ನೋ ಲೆಕ್ಕ. ನಿಮ್ಮ ಒಂದು ಬೀರುವಿನ ಬಿಲ್ಲಿನ ಹಿಂದೆ ಎರಡು ಸರ್ಕಾರಗಳ ಮಾತುಕತೆ ಇದೆ, ನಂಗಂತೂ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಬಿಡ್ ಹಾಕೋ ಯೋಚನೆ ಇದ್ರೆ

ಅಮೆರಿಕದ ಸ್ಯಾಮ್ ಸೈಟಲ್ಲಿ ರಿಜಿಸ್ಟ್ರೇಶನ್ ಫ್ರೀ. ಎಂಬಸಿ ಹೆಸರಲ್ಲಿ ವೆಂಡರ್ ಆಗೋಕೆ ಫೀಸು ಕಟ್ಟಿ ಅಂತ ಮೇಲ್ ಬಂದ್ರೆ ದುಡ್ಡು ಹಾಕಬೇಡಿ, ಅವರ ಅಧಿಕೃತ ಸೈಟಲ್ಲಿರೋ ನಂಬರಿಗೆ ಫೋನ್ ಮಾಡಿ ಕೇಳಿ. ಸೈಟ್ ವಿಸಿಟ್‌ಗೆ ಕರೆದ್ರೆ ಹೆಸರು, ಐಡಿ ಮೊದಲೇ ಕಳಿಸಿ, ಗೇಟಲ್ಲಿ ಮೊಬೈಲ್ ಬಿಟ್ಟು ಹೋಗೋಕೆ ರೆಡಿ ಇರಿ.

ಇನ್ನು ಪೇಮೆಂಟ್ ವಿಚಾರ. 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿ ಪ್ರಕಾರ ಅವರ ಅನುಮತಿ ಇಲ್ದೆ ನಮ್ಮ ಅಧಿಕಾರಿಗಳು ಎಂಬಸಿ ಒಳಗೆ ಕಾಲಿಡೋ ಹಾಗಿಲ್ಲ, ಒಳಗಿರೋ ವಸ್ತು ಜಪ್ತಿ ಮಾಡೋ ಹಾಗೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 86ರ ಪ್ರಕಾರ ವಿದೇಶಿ ಸರ್ಕಾರದ ಮೇಲೆ ದಾವೆ ಹಾಕೋಕೆ ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ಬಾಕಿ ಉಳಿದ್ರೆ ವಸೂಲಿಗೆ ಹೆಣಗಾಡಬೇಕಾಗುತ್ತೆ. ಆದ್ರೆ ದೆಹಲಿಯಲ್ಲಿ ಅಫ್ಘಾನಿಸ್ತಾನ ಎಂಬಸಿಯ ಕಟ್ಟಡ ಕೆಲಸ ಮಾಡಿದ್ದ ಒಂದು ಕಂಪನಿ ಆರ್ಬಿಟ್ರೇಶನ್‌ನಲ್ಲಿ, ಅಂದ್ರೆ ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ನಡೆಯೋ ವಿಚಾರಣೆಯಲ್ಲಿ ಗೆದ್ದು ಕೋರ್ಟಿಗೆ ಹೋದಾಗ, ವ್ಯಾಪಾರದ ಒಪ್ಪಂದದಿಂದ ಬಂದ ಅಂಥ ತೀರ್ಪು ಜಾರಿ ಮಾಡೋಕೆ ಸೆಕ್ಷನ್ 86ರ ಒಪ್ಪಿಗೆ ಬೇಕಿಲ್ಲ ಅಂತ 2021ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಅದಕ್ಕೇ ಸಹಿ ಹಾಕೋ ಮುಂಚೆ ಕಾಂಟ್ರಾಕ್ಟಲ್ಲಿ ಆರ್ಬಿಟ್ರೇಶನ್ ಷರತ್ತು ಇದ್ಯಾ, ಇದ್ರೆ ಎಲ್ಲಿ ನಡೆಯುತ್ತೆ ಅಂತ ಬರೆದಿದ್ದಾರೆ, ನಿಮ್ಮ ವಕೀಲರ ಹತ್ರ ಓದಿಸಿಯೇ ಮುಂದುವರಿಯಿರಿ.