ಲಂಡನ್ ಒಳಗೆ ಕಾರು ಒಯ್ಯುವ ಮುಂಚೆ: ಯೂಲೆಜ್ ದುಡ್ಡು ಕಟ್ಟಬೇಕಾ, ನೋಡೋದು ಹೇಗೆ

ನಿಮ್ಮ ಕಾರಿಗೆ ಲಂಡನ್ನಿನಲ್ಲಿ ದಿನಕ್ಕೆ 12.50 ಪೌಂಡ್ ಯೂಲೆಜ್ ಕಟ್ಟಬೇಕಾ ಬೇಡವಾ ಅಂತ ತಿಳಿಯೋದು ಎರಡು ನಿಮಿಷದ ಕೆಲಸ. ಯೂಲೆಜ್ ಅಂದರೆ ಅಲ್ಟ್ರಾ ಲೋ ಎಮಿಷನ್ ಝೋನ್, ಹೊಗೆ ಜಾಸ್ತಿ ಬಿಡುವ ಹಳೇ ವಾಹನ ಓಡಿಸಿದರೆ ದಿನಕ್ಕಿಷ್ಟು ಅಂತ ದುಡ್ಡು ಕಟ್ಟಬೇಕಾದ ವಲಯ. ನಂಬರ್ ಹಾಕಿ ನೋಡಿದರೆ ಆಯಿತು. ಆದರೂ ನಮ್ಮವರಲ್ಲಿ ಎಷ್ಟೋ ಜನ, ಅದರಲ್ಲೂ ಊರಿಂದ ಹೊಸದಾಗಿ ಬಂದು ಮೊದಲ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು, ನೋಡದೇ ಹೋಗುತ್ತಾರೆ. ದಂಡದ ಕಾಗದ ಮನೆಗೆ ಬಂದ ಮೇಲೆ ಫೋನ್ ಮಾಡುತ್ತಾರೆ. ಅಷ್ಟು ಹೊತ್ತಿಗೆ ಹನ್ನೆರಡೂವರೆ ಪೌಂಡ್ ಕಟ್ಟುವ ಅವಕಾಶ ಮುಗಿದಿರುತ್ತದೆ.

ಇದಕ್ಕೆ ಒಂದು ಕಾರಣ ನಮ್ಮ ಅಭ್ಯಾಸ. ನಮ್ಮೂರಲ್ಲಿ ಟೋಲ್ ಅಂದರೆ ಕಣ್ಣಿಗೆ ಕಾಣುವಂಥದ್ದು. ಗೇಟ್ ಇರುತ್ತದೆ, ಕ್ಯೂ ಇರುತ್ತದೆ, ಫಾಸ್ಟ್ಯಾಗ್‌ನಿಂದ ದುಡ್ಡು ಹೋದ ತಕ್ಷಣ ಮೊಬೈಲಿಗೆ ಮೆಸೇಜ್ ಬರುತ್ತದೆ. ಇಲ್ಲಿ ಅದೇನೂ ಇಲ್ಲ. ರಸ್ತೆ ಬದಿಯಲ್ಲಿ ಒಂದು ಹಸಿರು ಬೋರ್ಡು, ಕಂಬದ ಮೇಲೆ ಒಂದು ಕ್ಯಾಮೆರಾ, ಅಷ್ಟೇ. ಕ್ಯಾಮೆರಾ ನಂಬರ್ ಓದಿಕೊಳ್ಳುತ್ತದೆ. ದುಡ್ಡು ಕಟ್ಟಿ ಅಂತ ಯಾರೂ ನೆನಪಿಸುವುದಿಲ್ಲ. ನೋಡಿಕೊಳ್ಳೋದೂ ಕಟ್ಟೋದೂ ಪೂರ್ತಿ ನಮ್ಮ ಜವಾಬ್ದಾರಿ.

ಮೊದಲು ವಲಯ ಎಲ್ಲಿಯವರೆಗೆ ಅಂತ ತಲೆಯಲ್ಲಿ ಇಟ್ಟುಕೊಳ್ಳಿ. 2019ರ ಏಪ್ರಿಲ್‌ನಲ್ಲಿ ಶುರುವಾದಾಗ ಇದು ನಗರದ ನಡುಭಾಗಕ್ಕೆ ಮಾತ್ರ ಇತ್ತು. 2021ರ ಅಕ್ಟೋಬರ್‌ನಲ್ಲಿ ನಾರ್ತ್ ಮತ್ತು ಸೌತ್ ಸರ್ಕ್ಯುಲರ್ ರಸ್ತೆಗಳವರೆಗೆ ಬೆಳೆಯಿತು. 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲಾ ಬರೋಗಳೂ, ಅಂದರೆ ಆಡಳಿತ ವಿಭಾಗಗಳೂ, ಒಳಗೆ ಬಂದವು. ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್, ಹೀಥ್ರೂ ವಿಮಾನ ನಿಲ್ದಾಣ ಎಲ್ಲವೂ ಒಳಗೇ. ಲಂಡನ್ನಿನ ಸುತ್ತ ಹೋಗುವ ಎಂ25 ಹೆದ್ದಾರಿ ಮಾತ್ರ ಹೊರಗೆ. "ನಾನು ಸೆಂಟ್ರಲ್ ಲಂಡನ್ನಿಗೆ ಹೋಗಲ್ಲವಲ್ಲ, ನನಗೇಕೆ" ಅನ್ನುವವರು ಇನ್ನೂ ಸಿಗುತ್ತಾರೆ. ಅದು ಹಳೇ ಮಾತು. ವಲಯದ ಒಳಗೇ ಮನೆ ಇದ್ದರೂ ವಿನಾಯಿತಿ ಇಲ್ಲ. ಹಳೇ ಡೀಸೆಲ್ ಕಾರಿನಲ್ಲಿ ಪಕ್ಕದ ಬೀದಿಗೆ ಹಾಲು ತರಲು ಹೋದರೂ ಆ ದಿನದ ದುಡ್ಡು ಕಟ್ಟಲೇಬೇಕು. ಕಾರು ಅಲುಗದೆ ಮನೆ ಮುಂದೆ ನಿಂತಿದ್ದರೆ ಏನೂ ಕಟ್ಟಬೇಕಿಲ್ಲ.

ನಂಬರ್ ಹಾಕಿ ನೋಡುವ ಬಗೆ

ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್, ಅಂದರೆ ಟಿಎಫ್‌ಎಲ್, ಅವರ ಸ್ವಂತ ಜಾಲತಾಣಕ್ಕೇ ಹೋಗಿ. ವಿಳಾಸ ಟಿಎಫ್‌ಎಲ್ ಡಾಟ್ ಗವ್ ಡಾಟ್ ಯುಕೆ. ಗೂಗಲ್‌ನಲ್ಲಿ ಹುಡುಕಿ ಮೇಲೆ ಕಂಡ ಮೊದಲ ಜಾಹೀರಾತನ್ನು ಒತ್ತಬೇಡಿ. ನೋಡಲು ಸರ್ಕಾರಿ ಪುಟದ ಹಾಗೇ ಇದ್ದು, ಮೇಲೆ ತಮ್ಮ ಕಮಿಷನ್ ಸೇರಿಸಿ ವಸೂಲು ಮಾಡುವ ತಾಣಗಳು ಇವೆ. ನಂಬರ್ ನೋಡೋದಕ್ಕೆ ಒಂದು ಪೈಸೆಯೂ ಬೇಡ. ದುಡ್ಡು ಕೇಳಿದರೆ ತಪ್ಪು ಜಾಗಕ್ಕೆ ಬಂದಿದ್ದೀರಿ ಅಂತಲೇ ಅರ್ಥ.

ಅಲ್ಲಿ ವಾಹನ ಪರಿಶೀಲಿಸುವ ಪುಟದಲ್ಲಿ ನಂಬರ್ ಹಾಕಿ. ಇಲ್ಲಿ ಒಂದು ಸಣ್ಣ ಎಚ್ಚರ. ಈಗಿನ ನಂಬರ್ ಪ್ಲೇಟಿನಲ್ಲಿ ಮೊದಲು ಎರಡು ಅಕ್ಷರ, ಆಮೇಲೆ ಎರಡು ಅಂಕಿ, ಕೊನೆಗೆ ಮೂರು ಅಕ್ಷರ. ಮೂರನೇ ನಾಲ್ಕನೇ ಜಾಗದಲ್ಲಿ ದುಂಡಗೆ ಕಂಡರೆ ಅದು ಸೊನ್ನೆ. ಉಳಿದ ಕಡೆ ದುಂಡಗೆ ಕಂಡರೆ ಅದು ಓ ಅಕ್ಷರ. ಇದನ್ನು ಅದಲು ಬದಲು ಮಾಡಿದರೆ ಕಾರು ಸಿಗುವುದೇ ಇಲ್ಲ, ಇಲ್ಲಾ ದುಡ್ಡು ಬೇರೆ ಯಾರದೋ ಕಾರಿನ ಲೆಕ್ಕಕ್ಕೆ ಹೋಗುತ್ತದೆ. ಕಾರಿನ ವಿವರ ಕಂಡಾಗ ಅದು ನಿಮ್ಮದೇ ಅಂತ ನೋಡಿಕೊಂಡು ಮುಂದೆ ಹೋಗಿ. ಉತ್ತರ ಬಂದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ.

ಯೂರೋ ನಂಬರ್ ಅಂದರೆ ಏನು

ಉತ್ತರ ಯಾಕೆ ಹಾಗೆ ಬಂತು ಅಂತ ಗೊತ್ತಿದ್ದರೆ ಮುಂದೆ ಕಾರು ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಬಿಎಸ್ 4, ಬಿಎಸ್ 6 ಅಂತ ಕೇಳಿದ್ದೀರಲ್ವಾ? ಅದು ವಾಹನದ ಹೊಗೆಗೆ ಯುರೋಪಿನಲ್ಲಿ ಇಟ್ಟ ಯೂರೋ ಮಟ್ಟಗಳನ್ನು ನೋಡಿಯೇ ಮಾಡಿದ್ದು. ಯೂಲೆಜ್ ದುಡ್ಡು ತಪ್ಪಬೇಕಾದರೆ ಪೆಟ್ರೋಲ್ ಕಾರು ಕನಿಷ್ಠ ಯೂರೋ 4 ಇರಬೇಕು, ಡೀಸೆಲ್ ಕಾರು ಯೂರೋ 6 ಇರಬೇಕು. ಮೋಟಾರ್ ಸೈಕಲ್, ಸ್ಕೂಟರ್ ಆದರೆ ಯೂರೋ 3.

ಡೀಸೆಲ್ಲಿಗೆ ಇಷ್ಟು ಬಿಗಿ ಯಾಕೆ, ಪೆಟ್ರೋಲಿಗೆ ಯಾಕೆ ಸಡಿಲ ಅಂತ ಕೇಳುವವರಿದ್ದಾರೆ. ನಿಜವಾಗಿ ಸಡಿಲವೇನಲ್ಲ. ಯೂರೋ 4 ಪೆಟ್ರೋಲ್ ಕಾರು ಕಿಲೋಮೀಟರಿಗೆ 0.08 ಗ್ರಾಂ ನೈಟ್ರೋಜನ್ ಆಕ್ಸೈಡ್ ಅನ್ನುವ ಮಾಲಿನ್ಯದ ಅನಿಲ ಬಿಡಬಹುದು ಅಂತ ಮಿತಿ. ಯೂರೋ 6 ಡೀಸೆಲ್‌ಗೂ ಅದೇ 0.08 ಗ್ರಾಂ. ಡೀಸೆಲ್ ಆ ಮಟ್ಟ ಮುಟ್ಟಲು ಹತ್ತು ವರ್ಷ ಜಾಸ್ತಿ ಹಿಡಿಯಿತು, ಅಷ್ಟೇ ವ್ಯತ್ಯಾಸ.

ವರ್ಷದ ಲೆಕ್ಕದಲ್ಲಿ ಹೇಳುವುದಾದರೆ, 2006ರಿಂದ ಈಚೆಗೆ ನೋಂದಣಿಯಾದ ಪೆಟ್ರೋಲ್ ಕಾರು ಸಾಮಾನ್ಯವಾಗಿ ಪಾಸು. ಡೀಸೆಲ್ ಆದರೆ 2015ರ ಸೆಪ್ಟೆಂಬರ್‌ನಿಂದ ಈಚಿನದು. ನಂಬರ್ ಪ್ಲೇಟಿನ ಆ ಎರಡು ಅಂಕಿ ನೋಡಿಯೇ ಅಂದಾಜು ಮಾಡಬಹುದು. 15 ಅಂದರೆ 2015ರ ಮಾರ್ಚ್‌ನಿಂದ ಆಗಸ್ಟ್, 65 ಅಂದರೆ 2015ರ ಸೆಪ್ಟೆಂಬರ್‌ನಿಂದ 2016ರ ಫೆಬ್ರವರಿ. ಹಾಗಾಗಿ 65ರಿಂದ ಈಚಿನ ಡೀಸೆಲ್ ಪರವಾಗಿಲ್ಲ ಅನ್ನುತ್ತಾರೆ. ಇದು ಅಂದಾಜು ಮಾತ್ರ. ಕೆಲವು ಕಂಪನಿಗಳು ಗಡುವಿಗೆ ಮುಂಚೆಯೇ ಹೊಸ ಎಂಜಿನ್ ಹಾಕಿದ್ದವು. ಕೆಲವರು ಶೋಕಿಗೆ ಖಾಸಗಿ ನಂಬರ್ ಹಾಕಿಸಿರುತ್ತಾರೆ, ಅದರಲ್ಲಿ ವರ್ಷ ಗೊತ್ತಾಗುವುದೇ ಇಲ್ಲ. ಏನೇ ಆದರೂ ಕೊನೆ ಮಾತು ಟಿಎಫ್‌ಎಲ್ ಪುಟದ್ದೇ.

ಕಾರಿನ ಲಾಗ್ ಬುಕ್, ಅಂದರೆ ವಿ5ಸಿ, ತೆಗೆದು ನೋಡಿ. ನಮ್ಮ ಆರ್‌ಸಿ ಇದ್ದ ಹಾಗೆ. ಅದರಲ್ಲಿ ವಿ.3 ಅನ್ನುವ ಜಾಗದಲ್ಲಿ ನೈಟ್ರೋಜನ್ ಆಕ್ಸೈಡಿನ ಅಂಕಿ ಇರುತ್ತದೆ. 2006ಕ್ಕಿಂತ ಹಳೇ ಪೆಟ್ರೋಲ್ ಕಾರಾಗಿದ್ದು, ಟಿಎಫ್‌ಎಲ್ ಪುಟ ಕಟ್ಟಬೇಕು ಅಂತ ತೋರಿಸುತ್ತಿದ್ದು, ಆದರೆ ಲಾಗ್ ಬುಕ್ಕಿನಲ್ಲಿ 0.08 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಸುಮ್ನೆ ಬಿಡಬೇಡಿ. ಆ ಪುಟದ ಫೋಟೋ ಟಿಎಫ್‌ಎಲ್‌ಗೆ ಕಳಿಸಿ ತಿದ್ದಿಸಬಹುದು. ಹಾಗೆ ತಿದ್ದಿಸಿಕೊಂಡವರು ಇದ್ದಾರೆ.

ಇನ್ನೊಂದು ದೊಡ್ಡ ತಪ್ಪು ಕಲ್ಪನೆ ನಮ್ಮವರದ್ದೇ. ಊರಲ್ಲಿ ಪೆಟ್ರೋಲ್ ಬಂಕ್ ಪಕ್ಕದ ಗೂಡಿನಲ್ಲಿ ಎಮಿಷನ್ ಟೆಸ್ಟ್ ಮಾಡಿಸಿ ಚೀಟಿ ತಗೊಂಡರೆ ಕೆಲಸ ಮುಗಿಯಿತು. ಇಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಮಾಡಿಸುವ ಪರೀಕ್ಷೆಗೆ ಎಂಒಟಿ ಅನ್ನುತ್ತಾರೆ. ಅದೇ ಗುಂಗಿನಲ್ಲಿ "ಎಂಒಟಿ ಪಾಸಾಗಿದೆ, ಹೊಗೆ ಪರೀಕ್ಷೆಯೂ ಆಗಿದೆ, ಮತ್ಯಾಕೆ ಕಟ್ಟಬೇಕು" ಅಂತಾರೆ. ಎಂಒಟಿಗೂ ಯೂಲೆಜ್‌ಗೂ ಸಂಬಂಧ ಇಲ್ಲ. ಎಂಒಟಿ ನೋಡುವುದು ಕಾರು ಇವತ್ತು ಓಡಿಸಲು ಯೋಗ್ಯವಾ ಅಂತ. ಯೂಲೆಜ್ ನೋಡುವುದು ಆ ಕಾರು ಯಾವ ಮಟ್ಟಕ್ಕೆ ತಯಾರಾಗಿತ್ತು ಅಂತ. ಎಷ್ಟು ಚೆನ್ನಾಗಿ ಸರ್ವಿಸ್ ಮಾಡಿಸಿದರೂ ಯೂರೋ 5 ಡೀಸೆಲ್ ಯೂರೋ 6 ಆಗುವುದಿಲ್ಲ.

ಕಾರು ಕೊಳ್ಳುವ ಮುಂಚೆ

ನನ್ನ ಕೇಳಿದರೆ ಈ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾಗುವುದು ಇಲ್ಲೇ. ಹಳೇ ಡೀಸೆಲ್ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ನೋಡಲು ಠಾಕುಠೀಕು, ಮೈಲೇಜೂ ಚೆನ್ನಾಗಿದೆ, ಬೆಲೆ ಮಾತ್ರ ಕಮ್ಮಿ. ಲಂಡನ್ನಿನಲ್ಲಿದ್ದು ವಾರಕ್ಕೆ ಐದು ದಿನ ಓಡಿಸಿದರೆ ವಾರಕ್ಕೆ 62.50 ಪೌಂಡ್ ಆಯಿತು. ವರ್ಷದಲ್ಲಿ ಕಾರಿನ ಬೆಲೆಯನ್ನೇ ಇನ್ನೊಮ್ಮೆ ಕೊಟ್ಟ ಹಾಗೆ. ಮಾರುವವರ ಹತ್ತಿರ ನಂಬರ್ ಕೇಳಿ, ಅವರ ಎದುರಿಗೇ ಮೊಬೈಲಿನಲ್ಲಿ ಹಾಕಿ ನೋಡಿ. ಜಾಹೀರಾತಿನಲ್ಲಿ "ಯೂಲೆಜ್ ಫ್ರೀ" ಅಂತ ಬರೆದಿದ್ದರೂ ನೋಡಿ. ಗವ್ ಡಾಟ್ ಯುಕೆ ತಾಣದಲ್ಲಿ ಅದೇ ನಂಬರ್ ಹಾಕಿದರೆ ಇಂಧನ, ಮೊದಲ ನೋಂದಣಿಯ ತಿಂಗಳು, ಎಂಒಟಿ, ತೆರಿಗೆ ಎಲ್ಲಾ ಸಿಗುತ್ತದೆ. ಹಳೇ ಕಾರು ಗುಜರಿಗೆ ಕೊಟ್ಟರೆ ಸಹಾಯಧನ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಕೊಳ್ಳಬೇಡಿ, ಲಂಡನ್ನಿನ ಆ ಯೋಜನೆ 2024ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು.

ಮಧ್ಯರಾತ್ರಿಯ ಲೆಕ್ಕ

ಇದನ್ನು ನಾನು ಕಲಿತದ್ದು ಅಪ್ಪ ಅಮ್ಮ ಬಂದ ದಿನ. ನನ್ನ ಕಾರು ಸಣ್ಣದು, ಸೂಟ್‌ಕೇಸ್ ಹಿಡಿಸುವುದಿಲ್ಲ ಅಂತ ಗೆಳೆಯನ ದೊಡ್ಡ ಡೀಸೆಲ್ ಕಾರು ಕೇಳಿ ತಗೊಂಡು, ಒಂದು ದಿನದ ಇನ್ಶೂರೆನ್ಸ್ ಮಾಡಿಸಿ ಹೀಥ್ರೂಗೆ ಹೋದೆ. ನಂಬರ್ ಹಾಕಿ ನೋಡಿದ್ದೆ, ಕಟ್ಟಬೇಕು ಅಂತ ಗೊತ್ತಿತ್ತು. ವಿಮಾನ ತಡ. ಬಂದ ಮೇಲೆ ಅಮ್ಮನ ಒಂದು ಸೂಟ್‌ಕೇಸ್ ಬೆಲ್ಟಿಗೆ ಬರಲೇ ಇಲ್ಲ. ಚಟ್ನಿಪುಡಿ, ಹುರಿಗಾಳು, ಮಗುವಿಗೆ ಹೊಲಿಸಿದ ಲಂಗ ಎಲ್ಲಾ ಅದರಲ್ಲೇ ಇತ್ತು, ಅಮ್ಮ ಅಲ್ಲಿಂದ ಕದಲಲು ಒಪ್ಪಲಿಲ್ಲ. ಕೊನೆಗೂ ಅದು ಸಿಕ್ಕಿ ಪಾರ್ಕಿಂಗ್ ಗೇಟ್ ದಾಟುವಾಗ ಗಡಿಯಾರದಲ್ಲಿ 12.20. ಮಾರನೇ ದಿನ ಬೆಳಿಗ್ಗೆ 12.50 ಪೌಂಡ್ ಕಟ್ಟಿ ಮುಗಿಯಿತು ಅಂದುಕೊಂಡೆ. ಸ್ವಲ್ಪ ದಿನದ ಮೇಲೆ ಗೆಳೆಯನ ಮನೆಗೆ ನೋಟಿಸ್ ಬಂತು.

ಯೂಲೆಜ್ ದಿನ ಅಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಹತ್ತೂವರೆಗೆ ಒಳಗೆ ಹೋಗಿ ಹನ್ನೆರಡು ಇಪ್ಪತ್ತಕ್ಕೆ ಹೊರಗೆ ಬಂದರೆ ಎರಡು ದಿನ, 25 ಪೌಂಡ್. ನಾನು ಒಂದೇ ಕಟ್ಟಿದ್ದೆ. ನೋಟಿಸ್ ಹೋಗುವುದು ಓಡಿಸಿದವರಿಗಲ್ಲ, ಕಾರು ಯಾರ ಹೆಸರಲ್ಲಿ ನೋಂದಣಿ ಆಗಿದೆಯೋ ಅವರಿಗೆ. ಸಹಾಯ ಮಾಡಿದವನ ಮನೆಗೆ ದಂಡದ ಕಾಗದ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ. ಯಾರದಾದರೂ ಕಾರು ತಗೊಂಡು ಹೋದರೆ ಅವತ್ತು ರಾತ್ರಿಯೇ ಕೂತು ಕಟ್ಟಿಬಿಡಿ.

ವಾರದ ಏಳೂ ದಿನ, ಇಪ್ಪತ್ನಾಲ್ಕು ಗಂಟೆ ಇದು ಜಾರಿಯಲ್ಲಿ ಇರುತ್ತದೆ. ಡಿಸೆಂಬರ್ 25 ಒಂದು ದಿನ ಮಾತ್ರ ಬಿಡುವು. ಕಟ್ಟಲು ಪ್ರಯಾಣದ ದಿನ ಬಿಟ್ಟು ಮೂರನೇ ದಿನದ ಮಧ್ಯರಾತ್ರಿಯವರೆಗೆ ಸಮಯ ಇದೆ. ಪದೇ ಪದೇ ಹೋಗುವವರು ಟಿಎಫ್‌ಎಲ್‌ನ ಆಟೋ ಪೇ ಮಾಡಿಸಿಕೊಳ್ಳಿ, ಕ್ಯಾಮೆರಾ ಕಂಡ ದಿನಗಳಿಗೆ ತಾನೇ ಕಡಿತ ಆಗುತ್ತದೆ.

ಯೂಲೆಜ್ ಇಲ್ಲ ಅಂದ ಮಾತ್ರಕ್ಕೆ ಎಲ್ಲಾ ಮುಗಿಯಲಿಲ್ಲ

ವಾಹನ ದಟ್ಟಣೆ ತಗ್ಗಿಸಲು ಲಂಡನ್ ನಡುಭಾಗದಲ್ಲಿ ಹಾಕುವ ಕಂಜೆಶ್ಚನ್ ಚಾರ್ಜ್ ಬೇರೆ, ಯೂಲೆಜ್ ಬೇರೆ. ಕಂಜೆಶ್ಚನ್ ಚಾರ್ಜ್‌ಗೆ ಯೂರೋ ಮಟ್ಟ ಲೆಕ್ಕಕ್ಕಿಲ್ಲ. 15 ಪೌಂಡ್ ಇದ್ದದ್ದು 2026ರ ಜನವರಿಯಿಂದ 18 ಆಗಿದೆ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7ರಿಂದ ಸಂಜೆ 6, ಶನಿವಾರ ಭಾನುವಾರ ಮಧ್ಯಾಹ್ನ 12ರಿಂದ ಸಂಜೆ 6. ಊರಿಂದ ಬಂದವರನ್ನು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ ನೋಡಲು ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋಗುತ್ತೇವಲ್ಲ, ಅದು ಈ ವಲಯದ ಒಳಗಿದೆ. ಹಳೇ ಡೀಸೆಲ್ ಕಾರಾದರೆ ಎರಡೂ ಸೇರಿ 30.50 ಪೌಂಡ್. ಬ್ಲ್ಯಾಕ್‌ವಾಲ್, ಸಿಲ್ವರ್‌ಟೌನ್ ಸುರಂಗಗಳಿಗೆ 2025ರ ಏಪ್ರಿಲ್‌ನಿಂದ ಪ್ರತ್ಯೇಕ ಶುಲ್ಕ ಇದೆ. ಹೀಥ್ರೂನಲ್ಲಿ ಜನರನ್ನು ಇಳಿಸುವ ಜಾಗದ ಶುಲ್ಕವೂ ಬೇರೆಯೇ.

ಬೇರೆ ಊರುಗಳ ಕತೆ ಬೇರೆ. ಮಟ್ಟಕ್ಕೆ ಸರಿಯಿಲ್ಲದ ಕಾರಿಗೆ ಬರ್ಮಿಂಗ್‌ಹ್ಯಾಮ್ ನಡುಭಾಗದಲ್ಲಿ ದಿನಕ್ಕೆ 8 ಪೌಂಡ್, ಬ್ರಿಸ್ಟಲ್‌ನಲ್ಲಿ 9. ಇವನ್ನು ನೋಡುವುದೂ ಕಟ್ಟುವುದೂ ಟಿಎಫ್‌ಎಲ್‌ನಲ್ಲಲ್ಲ, ಗವ್ ಡಾಟ್ ಯುಕೆಯ ಕ್ಲೀನ್ ಏರ್ ಝೋನ್ ಪುಟದಲ್ಲಿ. ಕಟ್ಟಲು ಆರು ದಿನ ಸಮಯ. ಬಾತ್, ಶೆಫೀಲ್ಡ್, ಬ್ರಾಡ್‌ಫರ್ಡ್‌ಗಳಲ್ಲಿ ವಲಯ ಇದ್ದರೂ ಸ್ವಂತ ಕಾರಿಗೆ ದುಡ್ಡಿಲ್ಲ. ಸ್ಕಾಟ್ಲೆಂಡಿನಲ್ಲಿ ಮಾತ್ರ ಹುಷಾರು. ಗ್ಲಾಸ್ಗೋ, ಎಡಿನ್‌ಬರಾ, ಅಬರ್ಡೀನ್, ಡಂಡಿ, ಈ ನಾಲ್ಕೂ ಕಡೆ ದುಡ್ಡು ಕಟ್ಟಿ ಒಳಗೆ ಹೋಗುವ ದಾರಿಯೇ ಇಲ್ಲ. ಮಟ್ಟಕ್ಕೆ ಸರಿಯಿಲ್ಲದ ಕಾರು ಹೋದರೆ ನೇರ ದಂಡ, ಮೊದಲ ಸಲ 60 ಪೌಂಡ್, ಮತ್ತೆ ಮತ್ತೆ ಹೋದರೆ ಅದು ದುಪ್ಪಟ್ಟಾಗುತ್ತಾ ಹೋಗುತ್ತದೆ.

ಇಷ್ಟೆಲ್ಲಾ ರಗಳೆ ಯಾಕೆ ಅಂತ ಅನ್ನಿಸಬಹುದು. ಸೌತ್ ಸರ್ಕ್ಯುಲರ್ ರಸ್ತೆ ಪಕ್ಕ ವಾಸವಿದ್ದ ಎಲಾ ಅಡೂ-ಕಿಸ್ಸಿ-ಡೆಬ್ರಾ ಅನ್ನುವ ಒಂಬತ್ತು ವರ್ಷದ ಹುಡುಗಿ 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. ಅವಳ ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ ಅಂತ 2020ರ ಡಿಸೆಂಬರ್‌ನಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ದಾಖಲಿಸಿದರು. ಅವಳ ತಾಯಿ ವರ್ಷಗಟ್ಟಲೆ ಹೋರಾಡಿ ಪಡೆದ ತೀರ್ಪು ಅದು. ಅದನ್ನು ಓದಿದ ಮೇಲೆ ನನಗೆ ಈ ದುಡ್ಡಿನ ಬಗ್ಗೆ ಗೊಣಗಲು ಮನಸ್ಸಾಗಲಿಲ್ಲ.

ನೋಟಿಸ್ ಬಂದೇಬಿಟ್ಟರೆ

ಯೂಲೆಜ್ ದಂಡ 180 ಪೌಂಡ್, 14 ದಿನದೊಳಗೆ ಕಟ್ಟಿದರೆ 90. ತಪ್ಪಾಗಿ ಬಂದಿದೆ ಅಂತ ನಿಮಗೆ ಖಾತ್ರಿ ಇದ್ದರೆ ಮೊದಲು ಆಕ್ಷೇಪಣೆ ಹಾಕಿ, ಆ ಸ್ಕ್ರೀನ್‌ಶಾಟ್, ರಸೀದಿ ಸಮೇತ. ಒಮ್ಮೆ ದಂಡ ಕಟ್ಟಿದರೆ ಆಮೇಲೆ ವಾದಿಸಲು ಆಗುವುದಿಲ್ಲ. ಸುಮ್ಮನೆ ಬಿಟ್ಟರೆ 270ಕ್ಕೆ ಏರುತ್ತದೆ. ಬಾಡಿಗೆ ಮನೆ ಬದಲಿಸಿದಾಗ ಲಾಗ್ ಬುಕ್ಕಿನ ವಿಳಾಸವನ್ನೂ ಬದಲಿಸಿ, ಯಾಕಂದ್ರೆ ನೋಟಿಸ್ ಬರುವುದು ಅಂಚೆಯಲ್ಲಿ, ಹಳೇ ಮನೆಗೆ ಹೋಗಿ ಬಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಮೊಬೈಲಿಗೆ ಬರುವ "ಯೂಲೆಜ್ ಬಾಕಿ ಇದೆ, ಈ ಲಿಂಕ್ ಒತ್ತಿ" ಅನ್ನುವ ಮೆಸೇಜುಗಳನ್ನು ಅಳಿಸಿಹಾಕಿ.

ಕಾರು ಮಟ್ಟಕ್ಕೆ ಸರಿಯಿಲ್ಲ, ಬೇರೆ ಕಾರೂ ಇಲ್ಲ ಅಂದರೆ ಎಂ25ರ ಹೊರಗೇ ಯಾವುದಾದರೂ ರೈಲು ನಿಲ್ದಾಣದಲ್ಲಿ ನಿಲ್ಲಿಸಿ ಬನ್ನಿ. ಬಸವಣ್ಣನವರ ಪ್ರತಿಮೆಗೆ ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು ನದಿ ಪಕ್ಕದಲ್ಲೇ ನಡೆದು ಹೋಗಬಹುದು. ಅಪ್ಪ ಅಮ್ಮನನ್ನು ಎರಡನೇ ಸಲ ನಾನು ಹಾಗೇ ಕರೆದುಕೊಂಡು ಹೋದೆ. ಅಮ್ಮನಿಗೆ ಕಾರಿಗಿಂತ ರೈಲೇ ಇಷ್ಟವಾಯಿತು.